ಮನೆ ಮಾರುವ ಮುನ್ನ: ನೋಡಲು ಬಂದವರಿಗೆ ಏನು ತೋರಿಸಬೇಕು, ಏನು ಹೇಳಬೇಕು

ಮನೆ ಮಾರುವುದು ನಮ್ಮಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆ ಬರುವ ಕೆಲಸ. ಮಗಳ ಮದುವೆ, ಮಗನ ಓದು, ಆಸ್ಪತ್ರೆಯ ಖರ್ಚು, ತಂದೆ ತೀರಿಕೊಂಡ ಮೇಲೆ ಪಾಲು, ಮೈಸೂರು ಬೆಂಗಳೂರಿನಲ್ಲಿ ಸಿಕ್ಕ ಕೆಲಸ, ಹೀಗೆ ಕಾರಣಗಳು ನೂರು. ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಎರಡು ರೀತಿಯ ತಪ್ಪು ಆಗುತ್ತದೆ. ಕೆಲವರು ಏನೂ ಸಿದ್ಧತೆ ಮಾಡದೆ, ಇದ್ದ ಹಾಗೆಯೇ ಬಾಗಿಲು ತೆರೆದು ಬೆಲೆ ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಬಿರುಕಿನ ಮೇಲೆ ಬಣ್ಣ ಬಳಿದು ಬೆಲೆ ಪಡೆಯುತ್ತಾರೆ, ಆದರೆ ಆ ಹಣದ ಬರಕತ್ ಕಳೆದುಕೊಳ್ಳುತ್ತಾರೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕುಟುಂಬಗಳಿಗೆ ಉಪಯೋಗವಾಗಲೆಂದು, ಈ ಎರಡು ತಪ್ಪುಗಳ ನಡುವಿನ ಸರಿಯಾದ ದಾರಿ ಯಾವುದೆಂದು ಇಲ್ಲಿ ವಿವರಿಸುತ್ತೇವೆ.

ಮೊದಲು ಮನೆಯೊಳಗಿನ ಒಪ್ಪಿಗೆ

ಕೊಳ್ಳುವವರನ್ನು ಕರೆಯುವ ಮೊದಲು ಮಾರುವವರು ಯಾರು ಎಂಬುದು ತೀರ್ಮಾನವಾಗಬೇಕು. ತಂದೆಯ ಹೆಸರಿನಲ್ಲಿದ್ದ ಮನೆ ತಂದೆಯ ಮರಣದ ನಂತರ ಹಿರಿಯ ಮಗನೊಬ್ಬನದಲ್ಲ. ಮಕ್ಕಳಿರುವಾಗ ಪತ್ನಿಗೆ ಎಂಟನೇ ಒಂದು ಪಾಲು, ಉಳಿದುದರಲ್ಲಿ ಮಗನ ಪಾಲಿನ ಅರ್ಧದಷ್ಟು ಮಗಳಿಗೆ ಎಂದು ಕುರ್‌ಆನ್ ನಿಗದಿ ಮಾಡಿದೆ. ತಂದೆಯ ತಂದೆ ತಾಯಿ ಬದುಕಿದ್ದರೆ ಅವರಿಗೂ ಪಾಲಿದೆ. "ಬಾಜಿಗೆ ಮದುವೆಯಲ್ಲಿ ಕೊಟ್ಟಾಗಿದೆ" ಎಂಬ ಮಾತು ಅವರ ಪಾಲನ್ನು ಇಲ್ಲವಾಗಿಸುವುದಿಲ್ಲ. ಅಕ್ಕ ತಂಗಿಯರ ಸಹಿ ಇಲ್ಲದೆ ಮನೆ ತೋರಿಸಲು ಹೊರಟರೆ, ಹತ್ತು ಜನ ನೋಡಿ ಮೆಚ್ಚಿ, ವಕೀಲರ ಬಳಿ ಹೋದ ದಿನವೇ ವ್ಯವಹಾರ ಮುರಿಯುತ್ತದೆ. ವಕೀಲರು ಕೇಳುವ ಮೊದಲನೆಯ ಕಾಗದವೇ ವಂಶವೃಕ್ಷ.

ಇನ್ನೊಂದು ಮಾತು. ಮನೆಯ ಯಜಮಾನ ತೀರಿಕೊಂಡಿದ್ದು, ಅವರ ಪತ್ನಿ ಆ ಮನೆಯಲ್ಲಿ ಇದ್ದತ್‌ನಲ್ಲಿದ್ದರೆ, ಆ ನಾಲ್ಕು ತಿಂಗಳು ಹತ್ತು ದಿನ ಯಾರನ್ನೂ ಮನೆ ನೋಡಲು ಕರೆತರಬೇಡಿ. ಅವರು ಆ ಅವಧಿಯನ್ನು ಅದೇ ಮನೆಯಲ್ಲಿ ಕಳೆಯಬೇಕು. ಅವರ ಕೋಣೆಯ ಅಳತೆಯನ್ನು ಅಪರಿಚಿತರು ಟೇಪು ಹಿಡಿದು ನೋಡುವುದು ಮನುಷ್ಯತ್ವಕ್ಕೂ ಒಪ್ಪುವುದಿಲ್ಲ. ಸಾಲಗಾರರ ಒತ್ತಡ ಎಷ್ಟೇ ಇದ್ದರೂ, ಆ ದಿನಗಳನ್ನು ಕಾಗದ ಪತ್ರ ಸರಿಪಡಿಸಿಕೊಳ್ಳಲು ಬಳಸಿ. ಅಮ್ಮಿ ಮುಂದೆ ಎಲ್ಲಿರುತ್ತಾರೆ, ಯಾರ ಬಳಿ, ಯಾವ ಕೋಣೆಯಲ್ಲಿ ಎಂಬುದನ್ನು ಮನೆ ತೋರಿಸುವ ಮೊದಲೇ ಅವರ ಜೊತೆ ಕೂತು ಮಾತಾಡಿ ಮುಗಿಸಿ.

ಮನೆಯಲ್ಲಿ ಬಾಡಿಗೆಗೋ ಭೋಗ್ಯಕ್ಕೋ ಯಾರಾದರೂ ಇದ್ದರೆ ಅವರಿಗೆ ಮೊದಲೇ ತಿಳಿಸಿ. ಭೋಗ್ಯದ ಹಣ ಯಾವಾಗ, ಯಾರು ಹಿಂದಿರುಗಿಸುತ್ತಾರೆ ಎಂಬುದನ್ನು ಬರೆದಿಡಿ. ಅವರಿಗೆ ಗೊತ್ತಿಲ್ಲದೆ ಜನರನ್ನು ಕರೆದುಕೊಂಡು ಹೋಗಿ ಬಾಗಿಲು ಬಡಿದರೆ, ಅವರ ಮುಖದಲ್ಲಿ ಕಾಣುವ ಸಿಟ್ಟೇ ಕೊಳ್ಳುವವರನ್ನು ಹಿಂದೆ ಕಳಿಸುತ್ತದೆ.

ಕಾಗದಗಳ ಕಡತ

ಮನೆ ನೋಡಿ ಮೆಚ್ಚಿದವರು ಅಲ್ಲಿಯೇ ಕೇಳುವ ಪ್ರಶ್ನೆ, "ಪತ್ರ ಎಲ್ಲ ಸರಿ ಇದೆಯಾ?" ಎಂಬುದು. ಕಡತ ಸಿದ್ಧವಿದ್ದರೆ ಮಾತು ಮುಂದುವರಿಯುತ್ತದೆ. ಕೊಳ್ಳೇಗಾಲ ನಗರಸಭೆಯ ವ್ಯಾಪ್ತಿಯಾಗಲಿ, ಹನೂರು ಅಥವಾ ಯಳಂದೂರು ಪಟ್ಟಣ ಪಂಚಾಯಿತಿಯಾಗಲಿ, ಇ-ಖಾತೆ ಬೇಕೇ ಬೇಕು. ಹಳ್ಳಿಯ ಮನೆಯಾದರೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಅಂದರೆ ನಮೂನೆ 9 ಮತ್ತು 11 ಬೇಕು. ತೀರಿಕೊಂಡವರ ಹೆಸರಿನಲ್ಲೇ ಖಾತೆ ಉಳಿದಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ. ಇದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಬಣ್ಣದವರನ್ನು ಕರೆಯುವ ಮೊದಲು ಈ ಅರ್ಜಿ ಹಾಕಿ.

ಋಣಭಾರ ಪತ್ರವನ್ನು, ಅಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದವನ್ನು, ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಿ ಪಡೆಯಬಹುದು. ಆ ಅವಧಿಯಲ್ಲಿ ನಡೆದ ವ್ಯವಹಾರಗಳಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಬ್ಯಾಂಕಿನ ಸಾಲ ತೀರಿಸಿಯೂ ಅಡಮಾನ ರದ್ದಾದ ಪತ್ರ ನೋಂದಾಯಿಸದಿದ್ದರೆ, ಇಲ್ಲಿ ಸಾಲ ಇರುವಂತೆಯೇ ಕಾಣುತ್ತದೆ. ಅದನ್ನು ಸರಿಪಡಿಸಿಕೊಳ್ಳಿ.

ನಮ್ಮ ತಾಲ್ಲೂಕುಗಳಿಗೇ ವಿಶೇಷವಾದ ಒಂದು ಸಂಗತಿ ಇದೆ. ಇಂದಿನ ಹನೂರು ಸೇರಿದ ಹಳೆಯ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರು ಸಂಸ್ಥಾನದ ಜಹಗೀರಾಗಿತ್ತು. ಆಮೇಲೆ ಎಲ್ಲವೂ ಮೈಸೂರು ಜಿಲ್ಲೆಯಲ್ಲಿದ್ದು, 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ. ಹೀಗಾಗಿ ಒಂದೇ ಮನೆಯ ಹಳೆಯ ಪತ್ರದಲ್ಲಿ ಒಂದು ಜಿಲ್ಲೆ, ಮುಂದಿನದರಲ್ಲಿ ಇನ್ನೊಂದು, ಈಗಿನದರಲ್ಲಿ ಮತ್ತೊಂದು ತಾಲ್ಲೂಕಿನ ಹೆಸರು ಇರಬಹುದು. ದಾದಾ ಪರದಾದಾ ಕಾಲದ ಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಹೊರಗಿನಿಂದ ಬಂದ ಕೊಳ್ಳುವವರು ಇದನ್ನು ಕಂಡು ಅನುಮಾನಪಡುತ್ತಾರೆ. ಹಳೆಯ ಪತ್ರದ ಅನುವಾದ ಮಾಡಿಸಿ, ಯಾವ ಪತ್ರದ ನಂತರ ಯಾವುದು ಎಂದು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದು ಕಡತದ ಮೇಲೆ ಇಡಿ. ಅರ್ಧ ಅನುಮಾನ ಅಲ್ಲಿಯೇ ಕರಗುತ್ತದೆ.

ಕಂದಾಯ ರಶೀದಿ, ಚೆಸ್ಕಾಂ ಬಿಲ್ಲು, ನೀರಿನ ಬಿಲ್ಲು, ಕಟ್ಟಡದ ಪರವಾನಗಿ ಇವೂ ಕಡತದಲ್ಲಿರಲಿ. ಸರ್ಕಾರದ ಯೋಜನೆಯಲ್ಲಿ ಸಿಕ್ಕ ಮನೆ ಅಥವಾ ನಿವೇಶನವಾದರೆ ಹಕ್ಕುಪತ್ರದ ಷರತ್ತುಗಳನ್ನು ಓದಿ, ಇಂತಿಷ್ಟು ವರ್ಷ ಮಾರಬಾರದೆಂಬ ನಿರ್ಬಂಧ ಇದೆಯೇ ನೋಡಿ. ವಕ್ಫ್ ಜಾಗದಲ್ಲಿರುವ ಮನೆಯಾದರೆ ಆ ಜಾಗ ಮಾರಾಟಕ್ಕೆ ಬರುವುದಿಲ್ಲ ಎಂಬುದು ಮೊದಲೇ ನೆನಪಿರಲಿ. ನೋಡಲು ಬಂದವರಿಗೆ ಮೂಲ ಪತ್ರ ಕೈಗೆ ಕೊಡಬೇಡಿ. ಜೆರಾಕ್ಸ್ ಕೊಡಿ, ಅದರ ಮೇಲೆ "ಪರಿಶೀಲನೆಗೆ ಮಾತ್ರ" ಎಂದು ಬರೆದು ದಿನಾಂಕ ಹಾಕಿ.

ಅಂದಗೊಳಿಸುವುದು ಬೇರೆ, ಮುಚ್ಚಿಡುವುದು ಬೇರೆ

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ) ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಾಗಿದ ಘಟನೆ ನಮಗೆಲ್ಲ ಗೊತ್ತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ನೆನೆದ ಕಾಳನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ಮೋಸ ಮಾಡುವವರನ್ನು ತಮ್ಮವರೆಂದು ಒಪ್ಪಲಿಲ್ಲ. ಗಮನಿಸಿ, ನೆನೆದ ಧಾನ್ಯ ಮಾರಬೇಡ ಎಂದು ಅವರು ಹೇಳಲಿಲ್ಲ, ಕಾಣುವಂತೆ ಇಡು ಎಂದರು. ಮನೆಗೂ ಇದೇ ನಿಯಮ. ತೇವದ ಗೋಡೆ ಇರುವ ಮನೆ ಮಾರಬಹುದು, ಆ ಗೋಡೆಯ ಮುಂದೆ ಅಲ್ಮೇರಾ ನಿಲ್ಲಿಸಿ ಮಾರಬಾರದು.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಈ ದೋಷ ಕಟ್ಟಡದ್ದಾಗಿರಬಹುದು, ಹಕ್ಕಿನದ್ದಾಗಿರಬಹುದು.

ಈಗ ರಿಪೇರಿಯ ಕ್ರಮ. ಮೊದಲು ಸೂರು, ಆಮೇಲೆ ಗೋಡೆ, ಕೊನೆಗೆ ಬಣ್ಣ. ಹೆಂಚಿನ ಮನೆಯಾದರೆ ಒಡೆದ ಹೆಂಚು ಬದಲಾಯಿಸಿ, ರೀಪರ್ ಪಟ್ಟಿಗೆ ಗೆದ್ದಲು ಹಿಡಿದಿದೆಯೇ ನೋಡಿ. ತಾರಸಿಯಾದರೆ ನೀರು ಹೋಗುವ ಕೊಳವೆಯ ಬಾಯಿ ಶುಚಿಮಾಡಿ, ಬಿರುಕು ತುಂಬಿಸಿ. ನಮ್ಮ ಜಿಲ್ಲೆಗೆ ಮೇ ತಿಂಗಳಲ್ಲೂ ಸೆಪ್ಟೆಂಬರ್ ಅಕ್ಟೋಬರಿನಲ್ಲೂ ಒಳ್ಳೆಯ ಮಳೆ ಬೀಳುತ್ತದೆ. ರಿಪೇರಿ ಮಾಡಿ ಒಂದು ಜೋರು ಮಳೆ ಕಳೆಯಲಿ. ಸೋರದಿದ್ದರೆ ಮಾತ್ರ "ರಿಪೇರಿ ಆಗಿದೆ" ಎಂದು ಹೇಳುವ ಹಕ್ಕು ನಮಗೆ ಬರುತ್ತದೆ.

ಹಳೆಯ ಮನೆಗಳ ಗೋಡೆ ಮಣ್ಣು, ಕಲ್ಲು, ಗಾರೆಯದು. ಇಂತಹ ಗೋಡೆ ನೆಲದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಸುಣ್ಣ ಬಳಿದಿದ್ದರೆ ಆ ತೇವ ಹೊರಗೆ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟು ಗಿಲಾವು ಮಾಡಿ ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಹೊರಬಂದು, ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಹಳೆಯ ಗೋಡೆಗೆ ಸುಣ್ಣವೇ ಸಾಕು. ಖರ್ಚೂ ಕಡಿಮೆ, ಮನೆಯೂ ಬೆಳಕಾಗಿ ಕಾಣುತ್ತದೆ, ಏನನ್ನೂ ಮುಚ್ಚುವುದಿಲ್ಲ.

ದೊಡ್ಡ ಖರ್ಚು ಬೇಡ. ಹೊಸ ಟೈಲ್ಸ್, ಹೊಸ ಅಡುಗೆ ಕಟ್ಟೆಗೆ ಹಾಕಿದ ಹಣ ಬೆಲೆಯಲ್ಲಿ ವಾಪಸ್ ಬರುತ್ತದೆಂಬ ಭರವಸೆ ಇಲ್ಲ. ಕೊಳ್ಳುವವರು ತಮಗೆ ಬೇಕಾದಂತೆ ಮಾಡಿಕೊಳ್ಳುತ್ತಾರೆ. ತೊಟ್ಟಿಕ್ಕುವ ನಲ್ಲಿ, ಹತ್ತದ ಸ್ವಿಚ್ಚು, ಕಿರುಗುಟ್ಟುವ ಬಾಗಿಲು, ಒಡೆದ ಕಿಟಕಿ ಗಾಜು, ಕಟ್ಟಿಕೊಂಡ ಬಚ್ಚಲ ನೀರು, ಮುಚ್ಚಳವಿಲ್ಲದ ಸಂಪು, ಇವನ್ನು ಮಾತ್ರ ಸರಿಪಡಿಸಿ. ಇವು ಚಿಕ್ಕವು, ಆದರೆ ನೋಡುವವರು ಇವನ್ನು ಎಣಿಸಿಯೇ ಮನೆಯನ್ನು ಹೇಗೆ ನೋಡಿಕೊಂಡಿದ್ದಾರೆ ಎಂದು ಅಳೆಯುತ್ತಾರೆ.

ಶುಚಿ ಮತ್ತು ಖಾಲಿ ಜಾಗ

ಸಾಮಾನು ತುಂಬಿದ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅಟ್ಟದ ಮೇಲಿನ ಹಳೆಯ ಪಾತ್ರೆ, ಮುರಿದ ಮಂಚ, ವರ್ಷಗಳಿಂದ ತೆರೆಯದ ಪೆಟ್ಟಿಗೆ, ಉಪಯೋಗಿಸದ ಹಾಸಿಗೆ ಇವನ್ನು ಮೊದಲೇ ವಿಲೇವಾರಿ ಮಾಡಿ. ಒಳ್ಳೆಯವನ್ನು ಅಗತ್ಯವಿರುವವರಿಗೆ ಕೊಡಿ. ಹೇಗೂ ಮನೆ ಬದಲಾಯಿಸುವಾಗ ಮಾಡಬೇಕಾದ ಕೆಲಸವೇ ಇದು.

ಗೋಡೆಯ ಮೇಲಿನ ಆಯತ್ ಫ್ರೇಮು, ಕಾಬಾದ ಚಿತ್ರ ತೆಗೆಯಬೇಕೇ ಎಂದು ಕೆಲವರು ಕೇಳುತ್ತಾರೆ. ಕೊಳ್ಳುವವರು ಯಾವ ಧರ್ಮದವರೇ ಆಗಿರಲಿ, ನಮ್ಮ ಗುರುತನ್ನು ಮರೆಮಾಡುವ ಅಗತ್ಯವಿಲ್ಲ. ಆದರೆ ಸುಣ್ಣ ಬಳಿಯುವಾಗ ಅವನ್ನು ಗೌರವದಿಂದ ಇಳಿಸಿ, ಬಟ್ಟೆಯಲ್ಲಿ ಸುತ್ತಿ, ಎತ್ತರದಲ್ಲಿಡಿ. ಮತ್ತೆ ಹಾಕುವಾಗ ಬಿರುಕು ಇರುವ ಜಾಗವನ್ನು ಮುಚ್ಚುವಂತೆ ಮಾತ್ರ ಹಾಕಬೇಡಿ. ಆಯತ್‌ನ ಹಿಂದೆ ದೋಷ ಅಡಗಿಸಿಡುವಷ್ಟು ಕೆಟ್ಟದ್ದು ಇನ್ನೇನಿದೆ?

ಅಡುಗೆಮನೆಯ ಎಣ್ಣೆ ಜಿಡ್ಡು, ಬಚ್ಚಲಿನ ಪಾಚಿ, ಪಾಯಖಾನೆಯ ಕಲೆ, ಹಿತ್ತಲಿನ ಕಸ, ಮುಂದಿನ ಚರಂಡಿ, ಈ ಐದು ಜಾಗ ಶುಚಿಯಾದರೆ ಮುಕ್ಕಾಲು ಕೆಲಸ ಮುಗಿಯಿತು. ವಾಸನೆ ಮುಚ್ಚಲು ಸಾಂಬ್ರಾಣಿ, ಅಗರಬತ್ತಿ, ಅತ್ತರು ಹೆಚ್ಚು ಹಾಕಬೇಡಿ. ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಹಿಂದಿನ ದಿನದಿಂದ ಕಿಟಕಿ ಬಾಗಿಲು ತೆರೆದಿಟ್ಟರೆ ಸಾಕು.

ರೇಷ್ಮೆಯ ಕೆಲಸ ಇರುವ ಮನೆಗಳಿಗೆ ಪ್ರತ್ಯೇಕ ಮಾತು. ನೂಲು ಬಿಚ್ಚುವ ಶೆಡ್ಡು ಮನೆಗೆ ಅಂಟಿಕೊಂಡಿದ್ದರೆ, ನಮ್ಮ ಮೂಗಿಗೆ ಅಭ್ಯಾಸವಾಗಿರುವ ಹುಳುವಿನ ವಾಸನೆ ಹೊಸಬರಿಗೆ ತಡೆಯಲಾಗದು. ಹುಳು ಮತ್ತು ತ್ಯಾಜ್ಯವನ್ನು ಅಂದಂದೇ ಸಾಗಿಸಿ, ನೀರು ಹರಿಯುವ ಮೋರಿ ತೊಳೆಸಿ, ಒಲೆಯ ಮಸಿ ಕೆರೆಸಿ. ಹುಳು ಸಾಕುವ ಮನೆಯಾದರೆ ಬೆಳೆ ನಡೆಯುವಾಗ ಹೊರಗಿನವರನ್ನು ಒಳಗೆ ಬಿಡಲೇಬಾರದು, ಕಾಲಿನ ಧೂಳಿನಿಂದಲೂ ರೋಗ ಹರಡುತ್ತದೆ. ಆ ಸಮಯದಲ್ಲಿ ಹೊಸ ಬಣ್ಣ, ಸೊಳ್ಳೆ ಬತ್ತಿ, ಕೀಟನಾಶಕದ ಗಾಳಿಯೂ ಹುಳುವಿಗೆ ಅಪಾಯ. ಒಂದು ಬೆಳೆ ಸುಮಾರು 25ರಿಂದ 28 ದಿನ. ಗೂಡು ಬಿಡಿಸಿ, ಮನೆ ತೊಳೆದು, ಮುಂದಿನ ಚಾಕಿ ತರುವ ಮೊದಲಿನ ಬಿಡುವಿನಲ್ಲಿ ತೋರಿಸುವ ದಿನ ಗೊತ್ತುಮಾಡಿ.

ನೋಡಲು ಬರುವ ದಿನ

ಹಗಲು ಬೆಳಕಿನಲ್ಲಿ ತೋರಿಸಿ. ಸಮಯ ನಿಗದಿ ಮಾಡಿಯೇ ಬರಬೇಕೆಂದು ಬ್ರೋಕರಿಗೆ ಖಂಡಿತವಾಗಿ ಹೇಳಿ. ಅನುಮತಿ ಕೇಳಿ, ಸಲಾಮ್ ಹೇಳಿ ಒಳಗೆ ಬರಬೇಕೆಂಬ ಶಿಸ್ತನ್ನು ಕುರ್‌ಆನ್ ನಮಗೆ ಕಲಿಸಿದೆ. ಮನೆ ಮಾರಾಟಕ್ಕಿದೆ ಎಂಬ ಕಾರಣಕ್ಕೆ ಆ ಶಿಸ್ತು ಹೋಗುವುದಿಲ್ಲ. ಜುಮುಅದ ಹೊತ್ತು, ಮಗ್ರಿಬ್ ಹೊತ್ತು ಬೇಡ.

ಮನೆಯ ಹೆಂಗಸರಿಗೆ ಯಾರು, ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಮೊದಲೇ ತಿಳಿಸಿ. ಒಂದು ಕಡೆಯಿಂದ ಕೋಣೆ ತೋರಿಸುತ್ತ ಬಂದರೆ ಅವರು ಇನ್ನೊಂದು ಕಡೆ ಇರಬಹುದು, ಇಲ್ಲವೇ ಆ ಅರ್ಧ ಗಂಟೆ ನೆರೆಮನೆಯಲ್ಲಿ ಕೂರಬಹುದು. ಬಂದವರಲ್ಲಿ ಹೆಂಗಸರಿದ್ದರೆ ಅವರಿಗೆ ಅಡುಗೆಮನೆ, ಬಚ್ಚಲು, ಹಿತ್ತಲನ್ನು ಮನೆಯ ಹೆಂಗಸರೇ ತೋರಿಸುವುದು ಒಳ್ಳೆಯದು. ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ, ಬಟ್ಟೆ ಎಲ್ಲಿ ಒಣಗುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ಫೋಟೊ, ವಿಡಿಯೋ ತೆಗೆಯಲು ಕೇಳಿದರೆ ಖಾಲಿ ಕೋಣೆಯದನ್ನು ತೆಗೆಯಲಿ. ಮಕ್ಕಳು, ಹೆಂಗಸರು, ಅಲ್ಮೇರಾ, ಒಡವೆ ಇರುವ ಜಾಗ ಅದರಲ್ಲಿ ಬರಬಾರದು. ಒಮ್ಮೆ ವಾಟ್ಸ್ಆ್ಯಪ್‌ಗೆ ಹೋದ ಚಿತ್ರ ಯಾರ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು. ಒಡವೆ, ಹಣ, ಪಾಸ್‌ಬುಕ್ ಆ ದಿನ ಬೀಗದೊಳಗಿರಲಿ. ತೋರಿಸುವಾಗ ಮನೆಯವರು ಇಬ್ಬರಿರಲಿ.

ಮೋಟರು ಹಾಕಿ ನೀರು ತೋರಿಸಿ, ಎಲ್ಲ ದೀಪ ಹಚ್ಚಿ ತೋರಿಸಿ. ಹನೂರು ಕಡೆಯ ಒಣ ಊರುಗಳಲ್ಲಿ ಮನೆಯ ಬೆಲೆ ನಿಂತಿರುವುದೇ ನೀರಿನ ಮೇಲೆ. ಬೋರ್‌ವೆಲ್ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಬೇಸಿಗೆಯಲ್ಲಿ ಎಷ್ಟು ಹೊತ್ತು ನೀರು ಎತ್ತುತ್ತದೆ, ಪಂಚಾಯಿತಿ ನೀರು ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಬರೆದಿಟ್ಟು ಹೇಳಿ. ಬಾಗಿಲ ದಿಕ್ಕು, ವಾಸ್ತು ಕೇಳುವವರಿಗೆ ದಿಕ್ಕು ಯಾವುದೆಂದು ನೇರವಾಗಿ ಹೇಳಿ, ವಾದಕ್ಕೆ ಹೋಗಬೇಡಿ. ಮುಸ್ಲಿಮರು ಬಂದರೆ ಪಾಯಖಾನೆಯ ಕೂರುವ ದಿಕ್ಕು ಕಿಬ್ಲಾಕ್ಕೆ ತಾಗುತ್ತದೆಯೇ ಎಂದು ಕೇಳಬಹುದು, ಅದನ್ನೂ ನೋಡಿಟ್ಟುಕೊಳ್ಳಿ.

ಹೇಳಲೇಬೇಕಾದ ಮಾತು

ಒಂದು ಹಾಳೆಯಲ್ಲಿ ಮನೆಯ ದೋಷಗಳನ್ನು ಬರೆಯಿರಿ. ಎಲ್ಲಿ ಸೋರುತ್ತದೆ, ಯಾವ ಗೋಡೆ ಯಾರೊಂದಿಗೆ ಜಂಟಿ, ದಾರಿಯ ಬಗ್ಗೆ ತಕರಾರು ಇದೆಯೇ, ಕೋರ್ಟಿನಲ್ಲಿ ಏನಾದರೂ ಇದೆಯೇ, ಪಾಯಖಾನೆ ಗುಂಡಿ ಎಲ್ಲಿದೆ, ರಸ್ತೆ ಅಗಲೀಕರಣಕ್ಕೆ ಗುರುತು ಬಿದ್ದಿದೆಯೇ ಎಂಬುದೆಲ್ಲ ಇರಲಿ.

ಈ ಪಟ್ಟಿಯಲ್ಲಿ ತಪ್ಪಿಹೋಗುವುದು ಪ್ರವಾಹ. 2018 ಮತ್ತು 2019ರ ಮಳೆಗಾಲದಲ್ಲಿ ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರು ಮೊದಲಾದ ನದಿದಂಡೆಯ ಊರುಗಳಿಗೆ ನೀರು ನುಗ್ಗಿತ್ತು. 2022ರಲ್ಲಿ ಸುವರ್ಣಾವತಿಯ ನೀರು ಯಳಂದೂರು ತಾಲ್ಲೂಕಿನ ಊರುಗಳನ್ನು ಕಾಡಿತು. ಬೇಸಿಗೆಯಲ್ಲಿ ಮನೆ ನೋಡಲು ಬಂದವರಿಗೆ ಇದು ಕಾಣುವುದಿಲ್ಲ. ಗೋಡೆಯ ಮೇಲಿನ ನೀರಿನ ಗೆರೆಯ ಮೇಲೆ ಬಣ್ಣ ಹೊಡೆದರೆ ಅದರ ಗುರುತೂ ಉಳಿಯುವುದಿಲ್ಲ. ಆದರೆ ಕೊಂಡವರು ಚಿಕ್ಕ ಮಕ್ಕಳನ್ನು ಆ ಕೋಣೆಯಲ್ಲಿ ಮಲಗಿಸುತ್ತಾರೆ. ನೀರು ಎಷ್ಟು ಎತ್ತರಕ್ಕೆ ಬಂದಿತ್ತು, ಎಷ್ಟು ದಿನ ನಿಂತಿತ್ತು, ಯಾವ ದಾರಿಯಲ್ಲಿ ಹೊರಗೆ ಹೋದಿರಿ ಎಂದು ಹೇಳುವುದು ಅವರ ಜೀವದ ವಿಷಯ. ಬೆಲೆ ಸ್ವಲ್ಪ ಇಳಿಯಬಹುದು, ಇಳಿಯಲಿ.

ಬೆಲೆ ಏರಿಸಲು ಸುಳ್ಳು ಗಿರಾಕಿಯನ್ನು ಎದುರಿಗೆ ಕೂರಿಸುವುದು ಪ್ರವಾದಿ(ಸ) ಸ್ಪಷ್ಟವಾಗಿ ತಡೆದ ಕೆಲಸ. ಒಬ್ಬರೊಂದಿಗೆ ಮಾತು ಮುಗಿದ ಮೇಲೆ ಹೆಚ್ಚು ಕೊಡುತ್ತೇನೆಂದು ಬಂದ ಇನ್ನೊಬ್ಬರ ಕಡೆ ತಿರುಗುವುದೂ ಸಲ್ಲದು. ಬ್ರೋಕರಿನ ಕಮಿಷನ್ ಎಷ್ಟು, ಯಾರು ಕೊಡುವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದಷ್ಟೇ ದಂಡ ಬೀಳಬಹುದು.

ನೆರೆಯವರಿಗೆ ಮೊದಲ ಮಾತು

ಬ್ರೋಕರಿಗೆ ಹೇಳುವ ಮೊದಲು ಗೋಡೆ ಹಂಚಿಕೊಂಡ ನೆರೆಯವರನ್ನು ಕೇಳಿ. ಹನಫಿ ಮದ್‌ಹಬ್‌ನಲ್ಲಿ ನೆರೆಯವರಿಗೂ ಶುಫಾ ಎಂಬ ಆದ್ಯತೆಯ ಹಕ್ಕಿದೆ. ಅಬೂ ರಾಫಿಅ್(ರ) ತಮ್ಮ ಮನೆಯ ಭಾಗವನ್ನು, ಹೊರಗಿನವರು ಹೆಚ್ಚು ಬೆಲೆಯನ್ನು ಮುಂದಿಟ್ಟಿದ್ದರೂ, ನೆರೆಯವರಾದ ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಕಡಿಮೆ ಬೆಲೆಗೆ ಕಂತುಗಳಲ್ಲಿ ಕೊಟ್ಟದ್ದು ಬುಖಾರಿಯಲ್ಲಿ ದಾಖಲಾಗಿದೆ. ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿ(ಸ)ರಿಂದ ಕೇಳಿದ ಮಾತೇ ಅವರನ್ನು ಹಾಗೆ ಮಾಡಿಸಿತು. ನೆರೆಯವರು ಕೊಳ್ಳದಿದ್ದರೂ ಲಾಭವಿದೆ. ನೋಡಲು ಬಂದವರು ಹೋಗುವಾಗ ಪಕ್ಕದ ಮನೆಯಲ್ಲಿ ವಿಚಾರಿಸಿಯೇ ಹೋಗುತ್ತಾರೆ. ಮೊದಲೇ ತಿಳಿದಿದ್ದ ನೆರೆಯವರು ಒಳ್ಳೆಯ ಮಾತಾಡುತ್ತಾರೆ.

ನೋಂದಣಿಯಾದ ಮೇಲೆ ಬಾಕಿ ಕಂದಾಯ, ಕರೆಂಟು ಬಿಲ್ಲು ಕಟ್ಟಿ, ಮನೆ ಗುಡಿಸಿ, ಎಲ್ಲ ಬೀಗದ ಕೈ ಕೊಡಿ. ಪೈಪು ಎಲ್ಲಿ ಹೋಗಿದೆ, ಮೇನ್ ಸ್ವಿಚ್ ಯಾವುದು, ಯಾವ ಕಿಟಕಿ ಮಳೆಯಲ್ಲಿ ಊದುತ್ತದೆ ಎಂದು ಒಮ್ಮೆ ತೋರಿಸಿ. ಮುಂದೆ ಅದೇ ಬೀದಿಯಲ್ಲಿ ಆ ಕುಟುಂಬ ಎದುರಾದಾಗ ತಲೆ ತಗ್ಗಿಸದೆ ಸಲಾಮ್ ಹೇಳುವಂತಿರಬೇಕು, ನಮಸ್ಕಾರ ಹೇಳಿದರೆ ಮನಸಾರೆ ಮಾತಾಡುವಂತಿರಬೇಕು. ಮಾರುವವರಿಗೂ ಕೊಳ್ಳುವವರಿಗೂ ಅಲ್ಲಾಹನು ಆ ವ್ಯವಹಾರದಲ್ಲಿ ಬರಕತ್ ನೀಡಲಿ.